ಬೀಳುವ ನೀರು, ನಿಲ್ಲುವ ಚಿತ್ರ

ಕರ್ನಾಟಕದ ಜಲಪಾತಗಳ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಸರು ಅಪರೂಪಕ್ಕೆ ಮಾತ್ರ ಕಾಣಿಸಿಕೊಳ್ಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನ ಜಲಪಾತ ನೋಡಬೇಕೆಂದರೆ ಘಟ್ಟದ ಅಂಚಿನ ಜೋಗಕ್ಕೋ, ಘಟ್ಟ ಇಳಿದು ಇನ್ನೂ ಮುಂದೆ ಕರಾವಳಿಯ ಹೊನ್ನಾವರದ ಕಡೆಗೋ ಪ್ರಯಾಣ ಬೆಳೆಸುತ್ತಾರೆ. ಹೊನ್ನಾವರ ಪಟ್ಟಣಕ್ಕೆ ಸಮೀಪದ ಕಾಸರಕೋಡಿನ ಆಚೆ, ಕಡಲಿಗೆ ಮುಖಮಾಡಿದ ಕಾಡುಗುಡ್ಡದಿಂದ ಇಳಿದು ಮಡುವಿಗೆ ಬೀಳುವ ಅಪ್ಸರಕೊಂಡದ ಝರಿ ಇಂಥ ಪ್ರವಾಸಿಗರ ಕ್ಯಾಮೆರಾಗಳಲ್ಲಿ ಸಾವಿರಾರು ಬಾರಿ ಸೆರೆಯಾಗಿದೆ. ಆದರೆ ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯಲ್ಲಿಯೂ ಒಂದು ಜಲಪಾತವಿದೆ. ಕಪಿಲತೀರ್ಥವೆಂದು ಕರೆಯಲಾಗುವ ಈ ಜಲಪಾತ ಮಳೆ ಬಂದಾಗ ಬಂಡೆಯ ಅಂಚಿನಿಂದ ಧುಮ್ಮಿಕ್ಕಿ, ಮಳೆ ಹಿಂದೆ ಸರಿದಂತೆ ಸೊರಗಿ, ಬೇಸಿಗೆಯಲ್ಲಿ ಬರಿಯ ಕಲ್ಲುಗೋಡೆಯಾಗಿ ಉಳಿಯುತ್ತದೆ. ಎರಡೂ ಕಡೆ ನೀರು ಬೀಳುವ ನಿಯಮ ಒಂದೇ, ಅದು ಬೆಳ್ಳಗೆ ಕಾಣುವ ಕಾರಣ ಒಂದೇ, ಕ್ಯಾಮೆರಾ ಅದನ್ನು ಹಿಡಿಯುವ ರೀತಿಯೂ ಒಂದೇ. ಬೇರೆಯಾಗಿರುವುದು ಮಳೆಯ ಪ್ರಮಾಣ, ಬಂಡೆಯ ಜಾತಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮಳೆನೀರನ್ನು ತಡೆದು ನಿಧಾನವಾಗಿ ಬಿಟ್ಟುಕೊಡುವ ಮಣ್ಣು. ಜಲಪಾತದ ಛಾಯಾಚಿತ್ರದಲ್ಲಿ ಎದ್ದು ಕಾಣುವುದು ನೀರೇ ಆದರೂ, ಆ ಚಿತ್ರವನ್ನು ಓದಲು ಬಲ್ಲವರಿಗೆ ಅದು ಜಲಪಾತದ ಮೇಲ್ಭಾಗದಲ್ಲಿ ಕಣ್ಣಿಗೆ ಬೀಳದೆ ಹರಡಿರುವ ನೆಲದ ಸ್ಥಿತಿಯನ್ನು ಹೇಳುತ್ತದೆ.

ಮೊದಲು ಮಳೆಯ ಮಾತು. ಹೊನ್ನಾವರಕ್ಕೂ ಕೊಪ್ಪಳಕ್ಕೂ ನಡುವಿನ ನೇರ ಅಂತರ ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅರಬ್ಬಿ ಸಮುದ್ರದ ಮೇಲಿನಿಂದ ಬರುವ ತೇವಭರಿತ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುವಾಗ ತಣಿದು, ತನ್ನಲ್ಲಿರುವ ಆವಿಯ ಬಹುಪಾಲನ್ನು ಘಟ್ಟದ ಪಡುವಣ ಮಗ್ಗುಲಿಗೇ ಸುರಿಸಿಬಿಡುತ್ತದೆ. ಘಟ್ಟ ದಾಟಿ ಇಳಿಯುವ ಗಾಳಿ ಬೆಚ್ಚಗಾಗುತ್ತ ಒಣಗುವುದರಿಂದ ಅದರ ಪೂರ್ವಕ್ಕಿರುವ ಬಯಲುಸೀಮೆ ‘ಮಳೆನೆರಳಿನ ಪ್ರದೇಶ’ವಾಗುತ್ತದೆ. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಕೊಪ್ಪಳ ಜಿಲ್ಲೆಗೆ ಸಿಗುವುದು ಸುಮಾರು 600 ಮಿಲಿಮೀಟರ್. ಕಾಲವೂ ಬೇರೆ: ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳು ಮಳೆಯ ಉಚ್ಛ್ರಾಯವಾದರೆ ಕೊಪ್ಪಳದ ಕಡೆ ಅತಿ ಹೆಚ್ಚು ಮಳೆ ಬೀಳುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಆದುದರಿಂದ ಅಪ್ಸರಕೊಂಡವನ್ನು ಆಗಸ್ಟಿನಲ್ಲಿ ನೋಡಿಬಂದವರು, ಕಬ್ಬರಗಿಯೂ ಆಗಲೇ ತುಂಬಿ ಹರಿಯುತ್ತಿರಬೇಕೆಂದು ಹೊರಟರೆ ಒಣಗೋಡೆಯನ್ನು ಕಂಡು ಮರಳಬೇಕಾದೀತು.

ಇದೇ ಘಟ್ಟದ ಮಳೆ ಇನ್ನೊಂದು ದಾರಿಯಿಂದ ಕೊಪ್ಪಳಕ್ಕೂ ಬರುತ್ತದೆ ಎಂಬುದನ್ನು ಮರೆಯಬಾರದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣಕ್ಕೆ ತಿರುಗಿ, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅದೇ ಮಲೆನಾಡಿನ ಮಳೆಯನ್ನು ಹೊತ್ತ ತುಂಗೆ ಮತ್ತು ಭದ್ರೆಗಳು ಕೂಡ್ಲಿಯಲ್ಲಿ ಒಂದಾಗಿ ತುಂಗಭದ್ರೆ ಎನಿಸಿ, ಇಳಿಜಾರು ಕಡಿಮೆಯಿರುವ ಪ್ರಸ್ಥಭೂಮಿಯ ಮೇಲೆ ನೂರಾರು ಕಿಲೋಮೀಟರ್ ಸಾವಕಾಶವಾಗಿ ಹರಿದು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿಗೆ ಬರುತ್ತವೆ. ಪಡುವಣ ಹೊಳೆಗಳು ಕಡಿಮೆ ದೂರದಲ್ಲಿ ಹೆಚ್ಚು ಎತ್ತರ ಇಳಿಯಬೇಕಾಗಿರುವುದರಿಂದ ಜಲಪಾತಗಳಾಗಿ ಬೀಳುತ್ತವೆ; ಮೂಡಣ ಹೊಳೆಗಳು ಅದೇ ಎತ್ತರವನ್ನು ಬಲುದೂರಕ್ಕೆ ಹಂಚಿಕೊಂಡು ಇಳಿಯುತ್ತವೆ. ತುಂಗಭದ್ರೆಯ ದಂಡೆಯ ಜಿಲ್ಲೆಯಲ್ಲಿ ದೊಡ್ಡ ಜಲಪಾತ ಇಲ್ಲದಿರುವುದಕ್ಕೆ ನೀರಿನ ಕೊರತೆ ಕಾರಣವಲ್ಲ, ನೆಲದ ಇಳಿಜಾರಿನ ಕೊರತೆ ಕಾರಣ.

ಹಾಗಾದರೆ ಕಬ್ಬರಗಿಗೆ ಆ ಎತ್ತರ ಬಂದದ್ದು ಎಲ್ಲಿಂದ? ಉತ್ತರ ಬಂಡೆಯಲ್ಲಿದೆ. ಕೊಪ್ಪಳ ಜಿಲ್ಲೆಯ ಬಂಡೆಗಳಲ್ಲಿ ಎರಡು ಬಗೆ ಮುಖ್ಯವಾದವು. ಗಂಗಾವತಿ, ಆನೆಗೊಂದಿ, ಹಿರೇಬೆಣಕಲ್ಲುಗಳ ಗುಡ್ಡಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ ಶಿಲಾರಸ ತಣಿದು ಗಟ್ಟಿಯಾದ ಗ್ರಾನೈಟಿನಿಂದಾದವು. ಮೇಲಿನ ಭಾರ ಸವೆದು ಹೋದಂತೆ ಗ್ರಾನೈಟು ಪದರಪದರವಾಗಿ ಸಿಪ್ಪೆ ಬಿಟ್ಟು, ಬಿರುಕುಗಳುದ್ದಕ್ಕೂ ಒಡೆದು, ದುಂಡುಗಲ್ಲುಗಳ ರಾಶಿಯಾಗುತ್ತದೆ. ಇಂಥ ಗುಡ್ಡಗಳ ಮೇಲೆ ಮಳೆ ಸುರಿದಾಗ ನೀರು ಬೋಳುಬಂಡೆಯ ಮೇಲೆ ತೆಳುವಾಗಿ ಹರಡಿ ಹರಿಯುತ್ತದೆ, ತಗ್ಗುಗಳಲ್ಲಿ ದೊಣೆಗಳಾಗಿ ನಿಲ್ಲುತ್ತದೆ, ಆದರೆ ಒಂದೇ ಅಂಚಿನಿಂದ ಕಂಬದಂತೆ ಬೀಳುವುದು ಅಪರೂಪ. ಕುಷ್ಟಗಿ ತಾಲ್ಲೂಕಿನ ಉತ್ತರ ಭಾಗದಲ್ಲಿ ಹನುಮಸಾಗರ, ಕಬ್ಬರಗಿಗಳ ಕಡೆ ಇರುವ ಬೆಟ್ಟಸಾಲಿನ ಸ್ವಭಾವ ಬೇರೆ. ಇದು ಗಜೇಂದ್ರಗಡ, ಬಾದಾಮಿಗಳ ಕಡೆಗೆ ಹಬ್ಬಿರುವ ಮರಳುಗಲ್ಲಿನ ನಾಡಿನ ದಕ್ಷಿಣದ ಅಂಚು. ಪುರಾತನ ಕಾಲದಲ್ಲಿ ನೀರಿನ ಅಡಿಯಲ್ಲಿ ಮರಳು ಪದರಗಳಾಗಿ ಕೂತು ಒತ್ತಡಕ್ಕೆ ಗಟ್ಟಿಯಾಗಿ ಉಂಟಾದ ಈ ಕಲ್ಲಿನಲ್ಲಿ ಅಡ್ಡವಾಗಿ ಹಾಸಿದ ಪದರಗಳೂ ನೆಟ್ಟಗೆ ಇಳಿದ ಬಿರುಕುಗಳೂ ಇರುತ್ತವೆ. ಇವೆರಡೂ ಕೂಡಿದ ಕಲ್ಲು ಒಡೆಯುವಾಗ ದುಂಡಾಗದೆ ಚೌಕಚೌಕವಾಗಿ ಕಳಚಿ ಬೀಳುವುದರಿಂದ, ಬೆಟ್ಟದ ಅಂಚು ಕಡಿದ ಗೋಡೆಯಂತೆ ಉಳಿಯುತ್ತದೆ. ಬಾದಾಮಿಯ ಅಕ್ಕ-ತಂಗಿಯರ ಜಲಪಾತ ಮಳೆಗಾಲದಲ್ಲಿ ಮೂಡುವುದು ಇಂಥದೇ ಗೋಡೆಯ ಮೇಲಿನಿಂದ. ಘಟಪ್ರಭೆ 52 ಮೀಟರ್ ಕೆಳಗೆ ಬೀಳುವ ಗೋಕಾಕ ಜಲಪಾತದ ಅಂಚೂ ಇದೇ ಕುಲದ ಕಲ್ಲಿನದು.

ಅಂಚಿನಿಂದ ಬಿದ್ದ ನೀರು ಬುಡದಲ್ಲಿ ಉರುಟುಗಲ್ಲುಗಳನ್ನು ತಿರುಗಿಸಿ ತಳವನ್ನು ಕೊರೆದು ಮಡು ಮಾಡುತ್ತದೆ. ಮಡುವಿನ ತೇವ ಮತ್ತು ತುಂತುರು ಗೋಡೆಯ ಬುಡವನ್ನು ಸಡಿಲಗೊಳಿಸುತ್ತವೆ. ಆಧಾರ ತಪ್ಪಿದ ಮೇಲಿನ ಕಲ್ಲು ಒಂದು ದಿನ ಕಳಚಿ ಬಿದ್ದು ಜಲಪಾತ ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತದೆ. ಬುಡದಲ್ಲಿ ಬಿದ್ದಿರುವ ಚೂಪಂಚಿನ ಕಲ್ಲುಗಳು ಈಚೆಗೆ ಕಳಚಿದವು, ಅಂಚು ನುಣುಪಾದವು ಹಳೆಯವು. ಜಲಪಾತದ ಚಿತ್ರ ತೆಗೆಯುವವರು ಅಡ್ಡಿಯೆಂದು ಚೌಕಟ್ಟಿನಿಂದ ಹೊರಗಿಡುವ ಈ ಕಲ್ಲುರಾಶಿಯಲ್ಲಿಯೇ ಜಲಪಾತದ ಚರಿತ್ರೆ ಇದೆ.

ನೀರಿನ ಕಡೆಗೆ ಬರೋಣ. ಅಂಚು ಬಿಟ್ಟ ನೀರಿನ ವೇಗವನ್ನು ಹೆಚ್ಚಿಸುವುದು ಗುರುತ್ವ. ಹತ್ತು ಮೀಟರ್ ಎತ್ತರದಿಂದ ಅಡ್ಡಿಯಿಲ್ಲದೆ ಬೀಳುವ ನೀರು ಸುಮಾರು 1.4 ಸೆಕೆಂಡಿನಲ್ಲಿ ತಳ ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ಈ ಲೆಕ್ಕವನ್ನೇ ಜೋಗಕ್ಕೆ ಅನ್ವಯಿಸಿದರೆ ತಳದಲ್ಲಿನ ವೇಗ ಗಂಟೆಗೆ 250 ಕಿಲೋಮೀಟರ್ ದಾಟಬೇಕು. ಹಾಗಾಗದಿರಲು ಕಾರಣ ಗಾಳಿ. ಬೀಳುತ್ತ ವೇಗ ಪಡೆದ ನೀರಿನ ಹಾಳೆಯನ್ನು ಗಾಳಿ ಹರಿದು ಎಳೆಗಳಾಗಿಸುತ್ತದೆ, ಎಳೆಗಳನ್ನು ಹನಿಗಳಾಗಿಸುತ್ತದೆ. ಹನಿಯೊಂದು ಐದಾರು ಮಿಲಿಮೀಟರಿಗಿಂತ ದಪ್ಪವಿದ್ದರೆ ಗಾಳಿಯ ಒತ್ತಡಕ್ಕೆ ಮತ್ತೆ ಒಡೆಯುತ್ತದೆ. ಅಷ್ಟು ದಪ್ಪದ ಹನಿ ಗಾಳಿಯಲ್ಲಿ ಬೀಳುವ ವೇಗ ಸೆಕೆಂಡಿಗೆ ಸುಮಾರು 9 ಮೀಟರಿಗೆ ಬಂದು ನಿಲ್ಲುತ್ತದೆ. ಗುರುತ್ವದ ಸೆಳೆತವೂ ಗಾಳಿಯ ತಡೆಯೂ ಸಮನಾದಾಗಿನ ಈ ವೇಗಕ್ಕೆ ಅಂತಿಮ ವೇಗ ಎಂದು ಹೆಸರು. ಒಟ್ಟಾಗಿ ಬೀಳುವ ನೀರಿನ ಮುದ್ದೆ ಇದಕ್ಕಿಂತ ಬೇಗ ಇಳಿಯುತ್ತದೆ, ಅಂಚಿನ ಹನಿಗಳು ಹಿಂದೆ ಉಳಿಯುತ್ತವೆ. ಎತ್ತರದ ಜಲಪಾತದ ಚಿತ್ರಗಳಲ್ಲಿ ಕೆಳಮುಖವಾದ ಬಾಣದ ತಲೆಗಳಂಥ ಆಕಾರಗಳು ಕಾಣುವುದು ಇದರಿಂದಲೇ: ಮುಂದಿನ ತುದಿ ನೀರಿನ ಮುದ್ದೆ, ಹಿಂದೆ ಚಾಚಿದ ಬಾಲ ಹಿಂದುಳಿದ ಹನಿಗಳು.

ಬಣ್ಣವಿಲ್ಲದ ನೀರು ಬೀಳುವಾಗ ಬೆಳ್ಳಗಾಗುವುದೂ ಈ ಒಡೆಯುವಿಕೆಯ ಫಲ. ಬೆಳಕು ಗಾಳಿಯಿಂದ ನೀರಿಗೆ ನೇರವಾಗಿ ಬಿದ್ದಾಗ ನೂರಕ್ಕೆ ಎರಡು ಭಾಗದಷ್ಟು ಮಾತ್ರ ಪ್ರತಿಫಲಿಸುತ್ತದೆ, ಉಳಿದದ್ದು ಒಳಹೊಕ್ಕು ಬಾಗಿ ಮುಂದೆ ಸಾಗುತ್ತದೆ. ನಿಂತ ನೀರಿಗೆ ಇರುವುದು ಒಂದೇ ಮೇಲ್ಮೈ. ಹನಿಗಳೂ ಗುಳ್ಳೆಗಳೂ ಬೆರೆತ ನೀರಿನಲ್ಲಿಯಾದರೋ ಅಂಥ ಮೇಲ್ಮೈಗಳು ಅಸಂಖ್ಯವಾಗಿದ್ದು, ಒಂದೊಂದರಲ್ಲಿಯೂ ಸ್ವಲ್ಪಸ್ವಲ್ಪ ಪ್ರತಿಫಲಿಸಿ, ಬಾಗಿ, ಚದುರಿ, ಕೊನೆಗೆ ಬೆಳಕಿನ ಬಹುಪಾಲು ಎಲ್ಲ ದಿಕ್ಕುಗಳಿಗೂ ಹಿಂತಿರುಗುತ್ತದೆ. ಈ ಚದುರುವಿಕೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಪಕ್ಷಪಾತ ಇಲ್ಲದಿರುವುದರಿಂದ ಬಿಸಿಲು ಬೆಳ್ಳಗಿದ್ದಂತೆಯೇ ನೀರೂ ಬೆಳ್ಳಗೆ ಕಾಣುತ್ತದೆ. ಆದರೆ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಗಳು ಮೊದಲ ದೊಡ್ಡ ಮಳೆಗೆ ಬೆಳ್ಳಗೆ ಹರಿಯುವುದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡುಗಳು ನೀಲಿ ಬೆಳಕನ್ನು ಹೀರಿಕೊಂಡು ಕೆಂಪು, ಹಳದಿಗಳನ್ನು ಬಿಟ್ಟುಕೊಡುವುದರಿಂದ ನೀರು ಕಂದುಗೆಂಪಾಗಿರುತ್ತದೆ. ಇಂಥ ನೀರಿನ ಚಿತ್ರ ಚೆಂದವಿಲ್ಲವೆಂದು ಅಳಿಸಿಹಾಕುವವರು ಅನೇಕರು. ವಾಸ್ತವವಾಗಿ ಅದು ಹೊಲದ ಮೇಲ್ಮಣ್ಣು ಹೊರಟುಹೋಗುತ್ತಿರುವುದರ ನೇರ ಸಾಕ್ಷ್ಯ, ಆದುದರಿಂದ ಉಳಿಸಿಕೊಳ್ಳಲೇಬೇಕಾದ ಚಿತ್ರ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿ ಅಡಿಗೆ ಇಳಿದಿರುವುದು ಹೀಗೆ ಹಳ್ಳಕೊಳ್ಳಗಳಿಂದ ಬಂದು ತುಂಬಿದ ಹೂಳಿನಿಂದ.

ಕಣ್ಣಿಗೂ ಕ್ಯಾಮೆರಾಕ್ಕೂ ಜಲಪಾತ ಬೇರೆ ಬೇರೆಯಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ವ್ಯವಸ್ಥೆಗೆ ಶಟರ್ ಎಂದೂ ಅದು ತೆರೆದಿರುವ ಅವಧಿಗೆ ಶಟರ್ ವೇಗ ಎಂದೂ ಹೇಳುವುದು ವಾಡಿಕೆ. ಹತ್ತು ಮೀಟರ್ ಬಿದ್ದು ಸೆಕೆಂಡಿಗೆ 14 ಮೀಟರ್ ವೇಗ ಪಡೆದ ನೀರಿನ ಮುದ್ದೆಯಿಂದ ಆಗತಾನೆ ಒಡೆದ ಹನಿಯೊಂದು ಸೆಕೆಂಡಿನ ಸಾವಿರದ ಒಂದಂಶದಲ್ಲಿ 1.4 ಸೆಂಟಿಮೀಟರ್ ಚಲಿಸುತ್ತದೆ, ಮೂವತ್ತರಲ್ಲೊಂದು ಸೆಕೆಂಡಿನಲ್ಲಿ 47 ಸೆಂಟಿಮೀಟರ್, ಅರ್ಧ ಸೆಕೆಂಡಿನಲ್ಲಿ ಸುಮಾರು ಏಳು ಮೀಟರ್. ಜಲಪಾತದ ಹತ್ತು ಮೀಟರ್ ಎತ್ತರ ಚಿತ್ರದಲ್ಲಿ 4,000 ಪಿಕ್ಸೆಲ್‌ಗಳನ್ನು, ಅಂದರೆ ಚಿತ್ರವನ್ನು ಕಟ್ಟುವ ಅತಿಚಿಕ್ಕ ಚುಕ್ಕಿಗಳನ್ನು, ಆವರಿಸಿದೆ ಎಂದುಕೊಂಡರೆ ಒಂದು ಪಿಕ್ಸೆಲ್‌ಗೆ ಸಿಗುವುದು ಎರಡೂವರೆ ಮಿಲಿಮೀಟರ್. ಸಾವಿರದ ಒಂದಂಶ ಸೆಕೆಂಡಿನಲ್ಲಿ ತೆಗೆದ ಚಿತ್ರದಲ್ಲಿಯೂ ಹನಿ ಐದಾರು ಪಿಕ್ಸೆಲ್‌ಗಳಷ್ಟು ಉದ್ದಕ್ಕೆ ಎಳೆದಿರುತ್ತದೆ. ಹನಿಯನ್ನು ಹನಿಯಾಗಿಯೇ ನಿಲ್ಲಿಸಬೇಕೆಂದರೆ ನಾಲ್ಕು ಸಾವಿರದ ಒಂದಂಶ ಸೆಕೆಂಡು ಬೇಕಾಗುತ್ತದೆ. ಅರ್ಧ ಸೆಕೆಂಡಿನ ಚಿತ್ರದಲ್ಲಿಯಾದರೋ ಹನಿ ಎಂಬುದೇ ಇರುವುದಿಲ್ಲ. ಅಲ್ಲಿ ಕಾಣುವ ರೇಷ್ಮೆಯಂಥ ನಯವು ನೂರಾರು ಹನಿಗಳು ಒಂದರ ಹಿಂದೊಂದು ಅದೇ ಜಾಗವನ್ನು ದಾಟಿದಾಗಿನ ಬೆಳಕಿನ ಸರಾಸರಿ. ನೀರು ಪದೇ ಪದೇ ಹಾಯುವ ದಾರಿ ದಟ್ಟ ಬಿಳುಪಾಗಿಯೂ ಆಗೊಮ್ಮೆ ಈಗೊಮ್ಮೆ ಹಾಯುವ ದಾರಿ ತೆಳ್ಳಗೆ ಹೊಗೆಯಾಗಿಯೂ ಮೂಡುತ್ತದೆ.

ಈ ಎರಡು ಬಗೆಗಳಲ್ಲಿ ಯಾವುದು ನಿಜವಾದ ಜಲಪಾತ ಎಂಬ ಚರ್ಚೆ ಛಾಯಾಗ್ರಾಹಕರಲ್ಲಿ ಮುಗಿಯುವುದಿಲ್ಲ. ವಿಜ್ಞಾನದ ದೃಷ್ಟಿಯಲ್ಲಿ ಎರಡೂ ನಿಜ, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ನೀರು ಹೇಗೆ ಒಡೆಯುತ್ತದೆ ಎಂದು ಕೇಳುವವರಿಗೆ ಕ್ಷಿಪ್ರ ಚಿತ್ರ ಬೇಕು. ನೀರು ಎಲ್ಲೆಲ್ಲಿ ಹರಿಯುತ್ತದೆ, ಬಂಡೆಯ ಯಾವ ಮೂಲೆಗೆ ತಾಗಿ ತಿರುಗುತ್ತದೆ, ಮಡುವಿನಲ್ಲಿ ಎತ್ತ ಸುಳಿಯುತ್ತದೆ ಎಂದು ಕೇಳುವವರಿಗೆ ನಿಧಾನದ ಚಿತ್ರವೇ ಹೆಚ್ಚು ಹೇಳುತ್ತದೆ. ಮಡುವಿನ ಮೇಲೆ ತೇಲುವ ನೊರೆ ಎರಡು ಮೂರು ಸೆಕೆಂಡಿನ ಚಿತ್ರದಲ್ಲಿ ವೃತ್ತಗಳಾಗಿ ಮೂಡಿದರೆ ಅಲ್ಲಿ ಸುಳಿ ಇದೆ ಎಂದರ್ಥ, ಈಜಲು ಇಳಿಯುವವರು ತಿಳಿದಿರಬೇಕಾದ ವಿಷಯ ಅದು. ಹಗಲಿನಲ್ಲಿ ಅಷ್ಟು ಹೊತ್ತು ಶಟರ್ ತೆರೆದಿಟ್ಟರೆ ಚಿತ್ರ ಬಿಳಿಚಿಹೋಗುವುದರಿಂದ ಮಸೂರದ ಮುಂದೆ ಕಪ್ಪುಗಾಜಿನಂಥ ಎನ್‌ಡಿ ಫಿಲ್ಟರ್ ಹಾಕಬೇಕಾಗುತ್ತದೆ. ಅದು ಎಲ್ಲ ಬಣ್ಣಗಳನ್ನೂ ಸಮನಾಗಿ ತಗ್ಗಿಸುತ್ತದೆ, ಹತ್ತು ಸ್ಟಾಪಿನದಾದರೆ, ಅಂದರೆ ಬೆಳಕನ್ನು ಹತ್ತು ಬಾರಿ ಅರ್ಧಕ್ಕೆ ಇಳಿಸುವಂಥದಾದರೆ, ಬೆಳಕಿನ ಸಾವಿರದಲ್ಲೊಂದು ಭಾಗವನ್ನು ಮಾತ್ರ ಒಳಬಿಡುತ್ತದೆ. ಕ್ಯಾಮೆರಾ ಅಲುಗದಂತೆ ಮುಕ್ಕಾಲಿ ಅನಿವಾರ್ಯ. ಇತ್ತೀಚಿನ ಮೊಬೈಲು ಫೋನುಗಳು ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು, ಅಲುಗದ ಬಂಡೆಯನ್ನು ಹೊಂದಿಸಿಕೊಂಡು, ಅಲುಗಿದ ನೀರನ್ನು ಸರಾಸರಿ ಮಾಡಿ ಇದೇ ಪರಿಣಾಮವನ್ನು ಲೆಕ್ಕದಿಂದ ಸಾಧಿಸುತ್ತವೆ.

ಬೆಳಕಿನ ಅಳತೆಯಲ್ಲಿ ಜಲಪಾತ ಕ್ಯಾಮೆರಾವನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದುಬಣ್ಣದ್ದು ಎಂಬ ಊಹೆಯ ಮೇಲೆ ಅದರ ಮಾಪಕ ಕೆಲಸ ಮಾಡುವುದರಿಂದ, ಚೌಕಟ್ಟಿನ ತುಂಬ ಬಿಳಿನೀರಿದ್ದರೆ ಅದನ್ನು ಮಂಕು ಮಾಡುತ್ತದೆ, ಚೌಕಟ್ಟಿನ ತುಂಬ ಕತ್ತಲ ಕಾಡಿದ್ದು ನಡುವೆ ಒಂದೇ ಬಿಳಿ ಎಳೆ ಇದ್ದರೆ ಆ ಎಳೆಯನ್ನು ವಿವರವೇ ಇಲ್ಲದ ಬಿಳಿ ಪಟ್ಟಿಯಾಗಿಸುತ್ತದೆ. ಬಿಸಿಲು ಬಿದ್ದ ನೀರಿಗೂ ಮರದಡಿಯ ನೆರಳಿಗೂ ನಡುವಣ ಹೊಳಪಿನ ವ್ಯತ್ಯಾಸ ಸಾವಿರ ಪಟ್ಟು ಮೀರಬಹುದು. ಮೋಡ ಕವಿದ ದಿನ ಆಕಾಶವೆಲ್ಲವೂ ಒಂದೇ ದೀಪವಾಗಿ ನೆರಳುಗಳನ್ನು ತುಂಬುವುದರಿಂದ ಆ ಅಂತರ ಕುಗ್ಗುತ್ತದೆ. ಕಾಡಿನ ಜಲಪಾತಕ್ಕೆ ಮೋಡವೇ ಒಳ್ಳೆಯ ಬೆಳಕು ಎಂಬ ಅನುಭವಿಗಳ ಮಾತಿಗೆ ಆಧಾರ ಇದು. ಒದ್ದೆ ಬಂಡೆ ಮತ್ತು ಒದ್ದೆ ಎಲೆಗಳ ಮೇಲಿನ ಮಿರುಗನ್ನು ತೆಗೆಯಲು ಪೋಲರೈಸರ್ ಎಂಬ ಫಿಲ್ಟರ್ ಬಳಸುತ್ತಾರೆ. ಬೆಳಕಿನ ಅಲೆಗಳು ಸಾಮಾನ್ಯವಾಗಿ ಎಲ್ಲ ತಲಗಳಲ್ಲಿಯೂ ಕಂಪಿಸುತ್ತಿರುತ್ತವೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ತಾಗಿ ಪ್ರತಿಫಲಿಸಿದ ಬೆಳಕು ಮಾತ್ರ ಒಂದೇ ತಲದಲ್ಲಿ ಕಂಪಿಸುತ್ತದೆ. ಆ ತಲದ ಬೆಳಕನ್ನು ತಡೆಯುವಂತೆ ಫಿಲ್ಟರನ್ನು ತಿರುಗಿಸಿದರೆ ಮಿರುಗು ಅಳಿದು ಮಡುವಿನ ತಳದ ಕಲ್ಲು, ಎಲೆಯ ಒಳಗಿನ ಹಸಿರು ಕಾಣಿಸುತ್ತವೆ.

ಮಳೆಬಿಲ್ಲಿನ ಬೆಳಕೂ ಹೀಗೆಯೇ ಒಂದೇ ತಲದಲ್ಲಿ ಕಂಪಿಸುವಂಥದಾದ್ದರಿಂದ ಇದೇ ಫಿಲ್ಟರನ್ನು ತಪ್ಪು ದಿಕ್ಕಿಗೆ ತಿರುಗಿಸಿದರೆ ತುಂತುರಿನ ಮಳೆಬಿಲ್ಲು ಮಾಯವಾಗುತ್ತದೆ. ಮಳೆಬಿಲ್ಲಿನ ಸ್ಥಾನವನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು. ಸೂರ್ಯನಿಗೆ ಬೆನ್ನು ಮಾಡಿ ನಿಂತವರ ತಲೆಯ ನೆರಳು ಬೀಳುವ ದಿಕ್ಕಿನಿಂದ 42 ಡಿಗ್ರಿ ದೂರದಲ್ಲಿ ಅದು ಮೂಡುತ್ತದೆ. ಸೂರ್ಯ ಬಾನಿನಲ್ಲಿ 42 ಡಿಗ್ರಿಗಿಂತ ಮೇಲೇರಿದ್ದರೆ ಸಮತಟ್ಟು ನೆಲದಲ್ಲಿ ನಿಂತು ಎದುರಿನ ತುಂತುರನ್ನು ನೋಡುವವರಿಗೆ ಬಿಲ್ಲು ದಿಗಂತದ ಕೆಳಗೆ ಇಳಿದಿರುತ್ತದೆ. ಕೊಪ್ಪಳದ ಅಕ್ಷಾಂಶದಲ್ಲಿ ಸೆಪ್ಟೆಂಬರ್ ಕೊನೆಯ ವೇಳೆಗೆ ಬೆಳಿಗ್ಗೆ ಸುಮಾರು ಒಂಬತ್ತೂಕಾಲರ ಮೊದಲು ಅಥವಾ ಮಧ್ಯಾಹ್ನ ಮೂರೂಕಾಲರ ನಂತರ ಮಾತ್ರ ಬಿಲ್ಲು ಕಾಣುವುದು ಸಾಧ್ಯ. ಇದನ್ನು ಪರೀಕ್ಷಿಸಲು ಕೊಪ್ಪಳದವರಿಗೆ ಕಾಡಿನ ಜಲಪಾತವೇ ಬೇಕೆಂದಿಲ್ಲ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಕೆಲವನ್ನಾದರೂ ತೆರೆದ ದಿನ ಸುತ್ತಲಿನ ಊರುಗಳ ಜನ ನೋಡಲು ನೆರೆಯುತ್ತಾರೆ. ಬೆಳಗಿನ ಹೊತ್ತು ಕೆಳದಂಡೆಯ ಕಡೆಯಿಂದ ನೋಡುವವರ ಬೆನ್ನಿಗೆ ಸೂರ್ಯನಿದ್ದು, ಎದ್ದ ತುಂತುರಿನಲ್ಲಿ ಬಿಲ್ಲಿನ ತುಂಡು ಮೂಡುತ್ತದೆ. ಮಲೆನಾಡಿನಲ್ಲಿ ಬಿದ್ದ ಮಳೆ ಕೊಪ್ಪಳ ಜಿಲ್ಲೆಯಲ್ಲಿ ಎತ್ತರದಿಂದ ಬೀಳುವುದು ಇಲ್ಲಿ, ಅದೂ ಮನುಷ್ಯ ಕಟ್ಟಿದ ಗೋಡೆಯಿಂದ.

ಚಿತ್ರಕ್ಕೆ ದಕ್ಕದ ಎರಡು ಸಂಗತಿಗಳನ್ನೂ ಇಲ್ಲಿ ಹೇಳಬೇಕು. ಒಂದು, ಜಲಪಾತದ ಸದ್ದು. ನೀರು ನೀರಿಗೆ ಅಪ್ಪಳಿಸುವ ಸದ್ದು ಅದರಲ್ಲಿ ಸ್ವಲ್ಪವೇ. ಹೆಚ್ಚಿನದು ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಹಿಗ್ಗಿ ಕುಗ್ಗಿ ಕಂಪಿಸುವುದರಿಂದ ಹುಟ್ಟುತ್ತದೆ ಎಂಬುದಕ್ಕೆ ಗಣಿತದ ಆಧಾರವನ್ನು 1933ರಲ್ಲಿ ಒದಗಿಸಿದವನು ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳವಿಜ್ಞಾನಿ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಬಾರಿ ಕಂಪಿಸಿ ಕೀಚಲು ಸ್ವರ ಕೊಟ್ಟರೆ, ಒಂದು ಸೆಂಟಿಮೀಟರ್ ತ್ರಿಜ್ಯದ್ದು 330 ಬಾರಿ ಕಂಪಿಸಿ ತಗ್ಗಿನ ಸ್ವರ ಕೊಡುತ್ತದೆ. ಸಣ್ಣ ಝರಿ ಜುಳುಜುಳು ಎನ್ನುವುದೂ ದೊಡ್ಡ ಜಲಪಾತ ಭೋರ್ಗರೆಯುವುದೂ ಗುಳ್ಳೆಗಳ ಗಾತ್ರದ ವ್ಯತ್ಯಾಸದಿಂದ. ಇನ್ನೊಂದು, ಕಣ್ಣಿನ ಭ್ರಮೆ. ಬೀಳುವ ನೀರನ್ನು ಒಂದು ನಿಮಿಷ ನಿಟ್ಟಿಸಿ ನೋಡಿ ದೃಷ್ಟಿಯನ್ನು ಪಕ್ಕದ ಬಂಡೆಯತ್ತ ಹೊರಳಿಸಿದರೆ ಬಂಡೆ ಮೇಲಕ್ಕೆ ಜಾರುತ್ತಿರುವಂತೆ ತೋರುತ್ತದೆ. ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಬಳಿ ಇದನ್ನು ಕಂಡ ರಾಬರ್ಟ್ ಆಡಮ್ಸ್ 1834ರಲ್ಲಿ ವರ್ಣಿಸಿದ್ದಾನೆ. ಕೆಳಮುಖ ಚಲನೆಯನ್ನು ಗುರುತಿಸುವ ಮೆದುಳಿನ ನರಕೋಶಗಳು ಸತತ ಪ್ರಚೋದನೆಯಿಂದ ಮಂದಗೊಂಡು, ಮೇಲ್ಮುಖ ಚಲನೆಯನ್ನು ಗುರುತಿಸುವವುಗಳ ಕೈ ತಾತ್ಕಾಲಿಕವಾಗಿ ಮೇಲಾಗುವುದೇ ಇದಕ್ಕೆ ಕಾರಣ.

ಇನ್ನು ಕಾಡಿನ ಪಾತ್ರ. ಹೊನ್ನಾವರ, ಸಿದ್ದಾಪುರಗಳ ನಡುವಿನ ಘಟ್ಟದಲ್ಲಿ ಕತ್ತಲೆಕಾನಿನಂಥ ನಿತ್ಯಹರಿದ್ವರ್ಣ ಕಾಡುಗಳಿವೆ. ಅಲ್ಲಿನ ತಗ್ಗುಗಳಲ್ಲಿ ವರ್ಷವಿಡೀ ಒದ್ದೆಯಾಗಿರುವ ರಾಮಪತ್ರೆಯ ಜಡ್ಡಿಗಳೆಂಬ ಜೌಗುಗಳಲ್ಲಿ ಮರಗಳು ಉಸಿರಾಟಕ್ಕಾಗಿ ಮಂಡಿಯಂತೆ ಬಾಗಿದ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತವೆ. ಇಂಥ ಕಾಡಿನಲ್ಲಿ ಮಳೆ ಮೊದಲು ಎಲೆಗಳ ಮೇಲೆ ಬಿದ್ದು ಬಲ ಕಳೆದುಕೊಳ್ಳುತ್ತದೆ, ಆಮೇಲೆ ದರಕಿನ, ಅಂದರೆ ಉದುರಿದ ಒಣ ಎಲೆಗಳ, ಹಾಸಿಗೆ ಸೇರುತ್ತದೆ, ಅಲ್ಲಿಂದ ಬೇರು, ಎರೆಹುಳು, ಗೆದ್ದಲುಗಳು ಮಾಡಿದ ರಂಧ್ರಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಸಹಜ ಕಾಡಿನ ಮಣ್ಣು ಬಳಕೆಯಿಂದ ಗಟ್ಟಿಯಾದ ಬೋಳು ನೆಲಕ್ಕಿಂತ ಎಷ್ಟೋ ಬೇಗ ನೀರನ್ನು ಇಂಗಿಸಿಕೊಳ್ಳುತ್ತದೆಂಬುದನ್ನು ಉತ್ತರ ಕನ್ನಡದಲ್ಲಿ ನಡೆದ ಅಳತೆಗಳು ತೋರಿಸಿವೆ. ಹೀಗೆ ಇಂಗಿದ ನೀರು ಮಣ್ಣಿನಡಿಯಲ್ಲಿ ನಿಧಾನವಾಗಿ ಸರಿದು ಹಳ್ಳ ಸೇರುವುದರಿಂದ ಮಳೆ ನಿಂತ ಮೇಲೂ ಝರಿ ಹರಿಯುತ್ತದೆ. ಹಳ್ಳದ ಈ ಬಗೆಯ ಹರಿವನ್ನು ಜಲವಿಜ್ಞಾನಿಗಳು ಮೂಲಹರಿವು ಎನ್ನುತ್ತಾರೆ.

ಸದಾ ತುಂತುರು ಸಿಂಪಡಿಸಿಕೊಳ್ಳುವ ಬಂಡೆಗಳು ಬೇರೆಲ್ಲಿಯೂ ಬದುಕಲಾರದ ಜೀವಿಗಳಿಗೆ ನೆಲೆಯಾಗಿವೆ. ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಕುಣಿಯುವ ಕಪ್ಪೆಗಳ ಹದಿನಾಲ್ಕು ಹೊಸ ಪ್ರಭೇದಗಳನ್ನು ಎಸ್. ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ನೀರಿನ ಅಬ್ಬರದಲ್ಲಿ ಕೂಗನ್ನು ಮಾತ್ರ ನಂಬಿಕೊಂಡರೆ ಸಾಲದಾದ್ದರಿಂದ ಇವುಗಳ ಗಂಡು ಹಿಂಗಾಲನ್ನು ಪಕ್ಕಕ್ಕೆ ನೀಡಿ, ಬೆರಳುಗಳನ್ನು ಅಗಲಿಸಿ, ಬಾವುಟದಂತೆ ಬೀಸಿ ಹೆಣ್ಣಿಗೂ ಎದುರಾಳಿಗೂ ಸಂಕೇತ ಕೊಡುತ್ತದೆ. ಈ ಪುಟ್ಟ ಪ್ರಾಣಿಗಳು ಕೂರುವ ಒದ್ದೆಗಲ್ಲುಗಳನ್ನು ಒಳ್ಳೆಯ ಕೋನಕ್ಕಾಗಿ ಎತ್ತಿಡುವುದು, ಕತ್ತಲಲ್ಲಿ ಮತ್ತೆ ಮತ್ತೆ ಫ್ಲ್ಯಾಶ್ ಹಾಯಿಸುವುದು ಅವುಗಳ ಬದುಕಿಗೆ ನೇರವಾಗಿ ಕೈಹಾಕಿದಂತೆ; ಯಾವ ಚಿತ್ರವೂ ಅದಕ್ಕೆ ಬೆಲೆಯಾಗಲಾರದು.

ಕಬ್ಬರಗಿಯ ಕಡೆಗೆ ಈ ಎಲ್ಲವನ್ನೂ ಹೊತ್ತು ಹಿಂತಿರುಗಿದರೆ ಅಲ್ಲಿನ ಜಲಪಾತ ಏಕೆ ಅಲ್ಪಾಯು ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಬೆಟ್ಟದ ಮೇಲೆ ಒಂದು ಚದರ ಕಿಲೋಮೀಟರಿನ ಜಲಾನಯನ, ಅಂದರೆ ಒಂದೇ ಅಂಚಿಗೆ ನೀರು ಹರಿಸುವ ನೆಲ, ಇದೆ ಎಂದು ಭಾವಿಸೋಣ. ಅದರ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ನೀರು 25,000 ಘನಮೀಟರ್. ಬಂಡೆ ಮತ್ತು ತೆಳುಮಣ್ಣಿನ ನೆಲದಿಂದ ಅದರ ಅರ್ಧ ಮೂರು ಗಂಟೆಗಳಲ್ಲಿ ಹರಿದುಹೋದರೆ ಅಂಚಿನಲ್ಲಿ ಸೆಕೆಂಡಿಗೆ ಸರಾಸರಿ ಸುಮಾರು 1,150 ಲೀಟರ್ ಬೀಳುತ್ತದೆ, ಎಂಥವರನ್ನೂ ನಿಂತು ನೋಡುವಂತೆ ಮಾಡುವ ಜಲಪಾತ ಅದು. ಅದೇ 12,500 ಘನಮೀಟರ್ ಕಾಡಿನ ಮಣ್ಣಿಗೆ ಇಂಗಿ ಅರವತ್ತು ದಿನಗಳಲ್ಲಿ ಹೊರಬಂದರೆ ಸೆಕೆಂಡಿಗೆ ಬರುವುದು ಎರಡೂವರೆ ಲೀಟರಿಗಿಂತ ಕಡಿಮೆ. ಕಣ್ಣಿಗೆ ತೆಳು ಎಳೆ, ಆದರೆ ಎರಡು ತಿಂಗಳು ನಿಲ್ಲದ ಎಳೆ. ಯಲಬುರ್ಗಾ ಕಡೆಯ ಎರೆಮಣ್ಣು ಮೂರನೆಯ ರೀತಿ ತೋರುತ್ತದೆ: ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳು ಮೊದಲ ಮಳೆಯನ್ನು ಪೂರ್ತಿ ನುಂಗುತ್ತವೆ, ತೇವ ಕುಡಿದ ಜೇಡಿ ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಒಳಗಿಳಿಯಲಾರದೆ ಮೇಲೆಯೇ ಹರಿಯುತ್ತದೆ. ಮುಂಗಾರಿನ ಮಳೆಗೆ ಸುಮ್ಮನಿದ್ದ ಹಳ್ಳ ಸೆಪ್ಟೆಂಬರಿನ ಅಷ್ಟೇ ಮಳೆಗೆ ಉಕ್ಕುವುದು ಇದರಿಂದ.

ಚಿಕ್ಕ ಜಲಾನಯನದ ಹಳ್ಳ ಬೇಗ ಇಳಿಯುವಂತೆಯೇ ಬೇಗ ಏರುತ್ತದೆ. ಕೆಳಗೆ ಬಿಸಿಲಿದ್ದಾಗಲೂ ಬೆಟ್ಟದ ಮೇಲೆ ಸುರಿದ ಮಳೆ ಅರ್ಧ ಗಂಟೆಯೊಳಗೆ ಅಂಚಿಗೆ ಬಂದೀತು. ತಿಳಿಯಾಗಿದ್ದ ನೀರು ಹಠಾತ್ತನೆ ಕದಡುವುದು, ಕಸಕಡ್ಡಿ ತೇಲಿಬರುವುದು, ಸದ್ದಿನ ಸ್ವರ ತಗ್ಗುವುದು ಇವು ಪ್ರವಾಹದ ಮುನ್ಸೂಚನೆಗಳು. ಇವನ್ನು ಕಂಡ ಕೂಡಲೇ ಮುಕ್ಕಾಲಿಯನ್ನು ಬಿಟ್ಟಾದರೂ ದಂಡೆಗೆ ಏರಬೇಕು. ಪಾಚಿ ಹಿಡಿದ ಬಂಡೆಯ ಮೇಲೆ ಜಾರಿ, ಮೊಬೈಲಿನಲ್ಲಿ ತಮ್ಮ ಚಿತ್ರ ತೆಗೆದುಕೊಳ್ಳುವ ಭರದಲ್ಲಿ ಅಂಚಿನಿಂದ ಬಿದ್ದು ಪ್ರಾಣ ಕಳೆದುಕೊಳ್ಳುವವರು ಪ್ರತಿ ಮಳೆಗಾಲದಲ್ಲಿಯೂ ಇರುವುದರಿಂದ ಈ ಎಚ್ಚರಿಕೆಯನ್ನು ಎಷ್ಟು ಬಾರಿ ಹೇಳಿದರೂ ಹೆಚ್ಚಲ್ಲ.

ಜೋಗದಂಥ ಜಲಪಾತಕ್ಕೆ ಅಳತೆಗಳಿವೆ. ಮೇಲೆ 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಅಲ್ಲಿ ಹರಿಯುವ ನೀರು ಮಳೆಯ ಜೊತೆಗೆ ವಿದ್ಯುತ್ತಿನ ಅಗತ್ಯವನ್ನೂ ಅನುಸರಿಸುತ್ತದೆ, ಬಿಟ್ಟ ನೀರೆಲ್ಲ ದಾಖಲೆ ಸೇರುತ್ತದೆ. ಕಬ್ಬರಗಿಯಂಥ ಸಣ್ಣ ಹಂಗಾಮಿ ಜಲಪಾತಗಳಿಗೆ ಛಾಯಾಚಿತ್ರವೇ ದಾಖಲೆಯಾಗಬಲ್ಲದು, ಕುಷ್ಟಗಿಯ ಶಾಲೆಯ ಮಕ್ಕಳೂ ಅದನ್ನು ಮಾಡಬಲ್ಲರು. ಬಂಡೆಯ ಮೇಲೆ ಎಂದೂ ಅಲುಗದ ಒಂದು ಗುರುತನ್ನು ಆರಿಸಿಕೊಂಡು, ಪ್ರತಿ ಬಾರಿಯೂ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ, ಅದೇ ಚೌಕಟ್ಟಿನಲ್ಲಿ ವಾರಕ್ಕೊಂದು ಚಿತ್ರ ತೆಗೆಯಬೇಕು. ಹರಿವಿರಲಿ ಇಲ್ಲದಿರಲಿ, ಒಣಗೋಡೆಯ ಚಿತ್ರವನ್ನೂ ಬಿಡಬಾರದು. ಎತ್ತರ ತಿಳಿದ ಒಂದು ಕೋಲನ್ನು ಮಡುವಿನ ಪಕ್ಕದಲ್ಲಿ ನಿಲ್ಲಿಸಿದರೆ ನೀರಿನ ಹಾಳೆಯ ಅಗಲವನ್ನು ಚಿತ್ರದಿಂದಲೇ ಅಳೆಯಬಹುದು. ಡಿಜಿಟಲ್ ಕ್ಯಾಮೆರಾ ದಿನಾಂಕ, ಗಂಟೆ, ಶಟರ್ ವೇಗಗಳನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಹತ್ತಿರದ ಮಳೆಮಾಪಕದ ಅಂಕಿಯನ್ನು ಜೊತೆಗೆ ಬರೆದಿಡಬೇಕು. ಕೆಲವು ವರ್ಷ ಹೀಗೆ ಕೂಡಿಟ್ಟ ಚಿತ್ರಗಳಿಂದ ಎಷ್ಟು ಮಳೆಗೆ ಹರಿವು ಶುರುವಾಗುತ್ತದೆ, ಮಳೆ ನಿಂತ ಮೇಲೆ ಎಷ್ಟು ದಿನ ಉಳಿಯುತ್ತದೆ, ಕೆಂಪುನೀರು ತಿಳಿಯಾಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಓದಬಹುದು. ಬೆಟ್ಟದ ಮೇಲೆ ಗಿಡಗಳು ಬೆಳೆದು, ಬದುಗಳು ನಿಂತು, ಮಣ್ಣು ದಪ್ಪವಾದರೆ, ಅಷ್ಟೇ ಮಳೆಗೆ ಹರಿವಿನ ದಿನಗಳು ಹೆಚ್ಚಿರುವುದೂ ಕೆಂಪು ಬೇಗ ಇಳಿದಿರುವುದೂ ಆ ಚಿತ್ರಗಳ ಸಾಲಿನಲ್ಲಿ ಕಾಣಿಸಬೇಕು. ಗುಡ್ಡ ಬೋಳಾದರೆ ಇದರ ವಿರುದ್ಧ.